ಕಡೆಯ ಚಟ್ಟಿ ದಾಟದ ಪತ್ರಿ

ಕೇದಾರದ ಹಾದಿಯಲ್ಲಿ ನನ್ನ ಅಕ್ಕ ಒಂದು ದಿನ ಕಾಯಲು ಕೇಳಿದಳು. ನಾನು ಕಾಯಲಿಲ್ಲ.

ಅಕ್ಕನನ್ನು ಹುಮನಾಬಾದಿಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಕೇದಾರ ನೋಡುವ ಆಸೆಯೊಂದೇ. ಕಲ್ಯಾಣದಲ್ಲಿದ್ದ ನಾನು ನಿಜಾಮರ ಕಾಲದ ಶಾಲೆಯಲ್ಲಿ ಕಲಿತದ್ದು ನಾಲ್ಕು ಉರ್ದು ಅಕ್ಷರ, ಆದರೆ ಬಜಾರದ ಹಿಂದೂಸ್ತಾನಿ ಮಾತು ಚೆನ್ನಾಗಿ ಬರುತ್ತಿತ್ತು. ಅವಳಿಗೆ ಕನ್ನಡ ಬಿಟ್ಟು ಬೇರೆ ಬರದು. ಅದಕ್ಕೇ ನನ್ನನ್ನು ಕರೆದಳು. ಹೊರಡುವ ಮುನ್ನ ನಾರಾಯಣಪುರದ ಶಿವನ ಗುಡಿಗೆ ಹೋಗಿ, ಅಲ್ಲಿಯ ಗಿಡದಿಂದ ಬಿಲ್ವಪತ್ರಿ ಹರಿದು ತಂದಳು. ಒಣಗಿದರೂ ಪತ್ರಿ ಪೂಜೆಗೆ ಸಲ್ಲುತ್ತದೆಂದು, ಕೇದಾರದಲ್ಲಿ ಏರಿಸಲು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡಳು.

ರೈಲು ಇಳಿದ ಮೇಲೆ ದಿನಗಟ್ಟಲೆ ಬೆಟ್ಟದ ನಡಿಗೆ. ಹಾದಿಯುದ್ದಕ್ಕೂ ಹುಲ್ಲು ಹೊದಿಸಿದ ಗುಡಿಸಲುಗಳು, ಚಟ್ಟಿ ಎನ್ನುತ್ತಿದ್ದರು. ಚಟ್ಟಿಯವನ ಹತ್ತಿರ ಹಿಟ್ಟು ಬೇಳೆ ಕೊಂಡರೆ ಅಡಿಗೆಗೆ ಪಾತ್ರೆ, ಮಲಗಲು ಜಾಗ ಅವನೇ ಕೊಡುವನು. ಬೆಳಿಗ್ಗೆ ಪಾತ್ರೆ ಬೆಳಗಿಟ್ಟು ಮುಂದಿನ ಚಟ್ಟಿಗೆ ನಡೆಯುವುದು. ಈ ಮಂದಿ ಜೋಳ ಕಾಣದೆ ಹ್ಯಾಂಗ ಬದುಕ್ಯಾರೋ ಎಂದು ಅಕ್ಕ ನಗುತ್ತಿದ್ದಳು. ಸೊಲ್ಲಾಪುರದ ಕಡೆಯ ಒಂದು ತಂಡ ಜೊತೆಗಿತ್ತು.

ಕಡೆಯ ಚಟ್ಟಿಯಲ್ಲಿ ಅವಳ ಕಾಲು ಬಾತಿತು. ಮೇಲೆ ಹಿಮ ಹೊಳೆಯುತ್ತಿತ್ತು, ಉಳಿದದ್ದು ಒಂದೇ ಏರು.

"ಇವತ್ತೊಂದಿನ ತಡಿಯೋ ತಮ್ಮಾ. ನಾಳಿಗಿ ತೆವಳಕೋಂತರೆ ಬರ್ತೀನಿ."

ಹೂಂ ಎಂದೆ. ಅವಳಿಗೆ ಕಣ್ಣು ಹತ್ತಿದಾಗ ತಂಡ ಎದ್ದು ಹೊರಟಿತು. ನಾನೂ ಹೊರಟೆ. ಮೋಡ ಮುಚ್ಚಿದರೆ ನನ್ನ ದರ್ಶನವೂ ಹೋದೀತು ಅನ್ನಿಸಿತ್ತು. ಪತ್ರಿ ನೆನಪಾದದ್ದು ದೇವರ ಮುಂದೆ ಬರಿಗೈಯಲ್ಲಿ ನಿಂತಾಗ.

ಮರುದಿನ ಇಳಿದು ಬಂದೆ. ರೊಕ್ಕದ ಚೀಲ ನನ್ನ ಸೊಂಟದಲ್ಲೇ ಇತ್ತು. ಕೊಳ್ಳಲು ಕಾಸಿಲ್ಲದೆ ಅವಳು ಊರಿಂದ ತಂದ ಹುರಿದ ಜೋಳದ ಹಿಟ್ಟನ್ನು ನೀರಲ್ಲಿ ಕಲಸಿಕೊಂಡು ತಿಂದಿದ್ದಳು. ಬಾವು ಇಳಿದಿತ್ತು. ಈಗ ಹೋಗೋಣ ನಡಿ ಎಂದು ಎದ್ದಳು. ತಂಡ ಕೆಳಗೆ ಹೊರಟಿದೆ, ನಾವಿಬ್ಬರೇ ಉಳಿದರೆ ಹಾದಿ ತಪ್ಪುತ್ತೇವೆ ಎಂದೆ. ಅಲ್ಲಿದ್ದದ್ದು ಒಂದೇ ಹಾದಿ. ಆ ಏರು ಮತ್ತೆ ಹತ್ತುವ ಮನಸ್ಸು ನನಗಿರಲಿಲ್ಲ, ಅಷ್ಟೇ. ಅಕ್ಕ ನನ್ನ ಮುಖ ನೋಡಿ ಗಂಟುಮೂಟೆ ಎತ್ತಿಕೊಂಡಳು.

ಹುಮನಾಬಾದಿನಲ್ಲಿ ಓಣಿಯವರು ಕಾಲಿಗೆ ನೀರು ಹಾಕಿ ಬರಮಾಡಿಕೊಂಡರು. ಇಬ್ಬರಿಗೂ ದರ್ಶನವಾಯಿತೆಂದು ನಾನೇ ಹೇಳಿದೆ. ಹೆಂಗಸರು ಬಾಗಿದಾಗ ಅಕ್ಕ ಸೀರೆಯೊಳಗೆ ಕಾಲು ಎಳೆದುಕೊಂಡಳು. ನನ್ನ ಸುಳ್ಳನ್ನು ಮಾತ್ರ ಬಯಲು ಮಾಡಲಿಲ್ಲ. ಆಮೇಲೆ ಯಾತ್ರೆಗೆ ಹೊರಟವರೆಲ್ಲ ಅವಳ ಕಾಲು ಮುಟ್ಟಲು ಬರತೊಡಗಿದರು. ಅವಳು ಎಳೆದುಕೊಳ್ಳುತ್ತಲೇ ಇದ್ದಳು. ಎಷ್ಟು ವಿನಯ ಎಂದರು ಮಂದಿ.

ಕೆಲವು ವರ್ಷಗಳ ಮೇಲೆ, ನಾನು ಅಲ್ಲಿದ್ದಾಗಲೇ, ಕೇದಾರಕ್ಕೆ ಹೊರಟ ನೆರೆಮನೆಯಾಕೆ ಬಂದು ಬಾಗಿದಳು. ಅಕ್ಕ ಸರಿಯುತ್ತ ಸರಿಯುತ್ತ ಗೋಡೆಗೆ ತಾಗಿದಳು. ನಂತರ ಒಳಗೆ ಹೋಗಿ, ಪೆಟ್ಟಿಗೆಯಿಂದ ಆ ಗಂಟು ತಂದು, ಇದನ್ನು ಅಲ್ಲಿ ಏರಿಸವ್ವಾ ಎಂದು ಆಕೆಯ ಕೈಗಿಟ್ಟಳು.

"ನೀವ ಏರಿಸಿ ಬಂದೀರಲ್ರಿ, ಮತ್ತ ಇದ್ಯಾಕ?"

ಅಕ್ಕ ಆಕೆಯ ಬೆರಳುಗಳನ್ನು ಗಂಟಿನ ಮೇಲೆ ಮಡಿಚಿದಳು. ನನ್ನ ಕಡೆ ನೋಡಲೂ ಇಲ್ಲ.

"ಆಕಿ ಏರಿಸಿಲ್ರಿ," ಎಂದೆ. "ಆಕಿನ್ನ ಚಟ್ಟಿಯೊಳಗ ಮಲಗಿದಲ್ಲೇ ಬಿಟ್ಟು ನಾ ಒಬ್ಬನೇ ಹೋಗಿದ್ದೆ. ಊರಾಗ ಸುಳ್ಳ ಹೇಳಿದಾವ ನಾನು."

ಆಮೇಲೆ ಅಕ್ಕನ ಕಡೆ ತಿರುಗಿದೆ.

"ಯಕ್ಕಾ, ನಂದು ತಪ್ಪಾಯ್ತು. ಒಂದಿನ ತಡೀಬೇಕಾಗಿತ್ತು."