ದೃಷ್ಟಿಬೊಟ್ಟು ಇಡದ ದಿನ

“ಹಿಂಗ ಓಡೂ ಮಗಗ ದೃಷ್ಟಿಬೊಟ್ಟ ಯಾಕ ಇಟ್ಟಿಲ್ರಿ ಅಕ್ಕಾರ? ನನ್ನ ಕಣ್ಣ ತಾಗೀತು.”

ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಪಕ್ಕದ ಬೆಂಚಿನ ಐನಾಪುರದ ತಾಯಿ ಕೇಳಿದಳು. ಅವಳ ತೊಡೆಯ ಮೇಲಿದ್ದ ಮಗಳಿಗೆ ನಡೆಯಲು ಬಾರದು. ಆ ಮಗುವನ್ನು ನೋಡಿದೊಡನೆ ಡಾಕ್ಟರು ಅಂಗವಿಕಲ ಪ್ರಮಾಣಪತ್ರ ಕೊಟ್ಟಿದ್ದಕ್ಕೆ ನಾನು ಹೊಟ್ಟೆಕಿಚ್ಚಿನಿಂದ ಬೇಯುತ್ತಿದ್ದೆ.

ನನ್ನ ಮಗನಿಗೆ ಆಟಿಸಂ. ಹೋದ ಸಲ ತಲೆ ಬಾಚಿ, ಬೊಟ್ಟಿಟ್ಟು ಕರೆತಂದಿದ್ದೆ. “ಹುಡುಗ ಚಂದ ಅದಾನಲ್ರಿ” ಎಂದು ಡಾಕ್ಟರು ಪ್ರಮಾಣಪತ್ರ ಕೊಡಲಿಲ್ಲ, ಪಿಂಚಣಿಯೂ ತಪ್ಪಿತು. ಮತ್ತೆ ಪರೀಕ್ಷಿಸಿ ಎಂದು ಮೇಲ್ಮನವಿ ಹಾಕಿ, ಈ ಸಲ ಬೇಕೆಂದೇ ಬೊಟ್ಟಿಡದೆ, ಕೆದರಿದ ತಲೆಯಲ್ಲಿ ಕರೆತಂದಿದ್ದೆ.

ಅವಳು ತನ್ನ ಮಗಳ ಕೆನ್ನೆಯ ಕಾಡಿಗೆಯನ್ನು ಬೆರಳಿಗೆ ಒರೆಸಿಕೊಂಡು, ಮುಂದೆ ಓಡಿಬಂದ ನನ್ನ ಮಗನ ಕೆನ್ನೆಗೆ ಒತ್ತಿದಳು.

ಅಷ್ಟರಲ್ಲಿ ಒಳಗಿನಿಂದ ಮಗನ ಹೆಸರು ಕರೆದರು. ಆ ಬೊಟ್ಟು ಒರೆಸಲು ನನ್ನ ಕೈ ಏಳಲಿಲ್ಲ.