ಬಣ್ಣ ಹೇಳುತ್ತಿದ್ದ ಅಕ್ಕ

ದಾರದ ಅಂಗಡಿಯಲ್ಲಿ ಕೆಲಸ ಮಾಡುವವಳಿಗೆ ಬಣ್ಣವೇ ಅನ್ನ. ಗಿರಾಕಿ ಬೆರಳಗಲದ ಬಟ್ಟೆ ಚೂರು ಚಾಚಿದರೆ ಸಾಕು, ಗೋಡೆ ತುಂಬ ಜೋಡಿಸಿದ್ದ ಗೂಡುಗಳಿಗೆ ಕೈ ಹಾಕಿ ಅದಕ್ಕೆ ಒಪ್ಪುವ ದಾರದ ಉಂಡೆಯನ್ನು ಅಕ್ಕ ತೆಗೆದುಬಿಡುತ್ತಿದ್ದಳು. ಅವಳಿಲ್ಲದ ದಿನ ಅಂಗಡಿಯ ಯಜಮಾನ ಕಣ್ಣು ಕಳೆದುಕೊಂಡವನ ಹಾಗೆ ತಡಕಾಡುತ್ತಿದ್ದ. ಇಂಥವಳ ಬೆನ್ನಿಗೆ ಬಿದ್ದ ತಮ್ಮನಿಗೆ ಕೆಂಪು ಯಾವುದು, ಹಸಿರು ಯಾವುದು ತಿಳಿಯುತ್ತಿರಲಿಲ್ಲ. ಅದು ಅವಳೊಬ್ಬಳಿಗೇ ಗೊತ್ತಿತ್ತು. ತಮ್ಮನಿಗೂ ಗೊತ್ತಿರಲಿಲ್ಲ ಅಂದರೆ ನಂಬುತ್ತೀರಾ?

ಅವನು ಚಿಕ್ಕವನಿದ್ದಾಗ ಒಂದು ದಿನ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು, ಹಸಿರು ದಾರ ತಗೊಂಡು ಬಾ ಅಂದಿದ್ದಳು. ಇವನು ಕೆಂಪು ತಂದ. ಮತ್ತೆ ಕಳಿಸಿದಳು, ಮತ್ತೆ ಕೆಂಪೇ ತಂದ. "ಮುಖದಲ್ಲಿರೋದು ಕಣ್ಣೋ ಗುಂಡಿಯೋ?" ಎಂದು ಅಮ್ಮ ತಲೆಗೆ ಮೊಟಕಿದಳು. ಅಳತೆ ಕೊಡಲು ಬಂದಿದ್ದ ಹೆಂಗಸು ಬಿದ್ದು ಬಿದ್ದು ನಕ್ಕಳು. ಪಾಪದ ಹುಡುಗ ಬಿಕ್ಕಳಿಕೆ ಬರುವ ತನಕ ಅತ್ತ. ಆಮೇಲೆ ಅಕ್ಕ ಅವನನ್ನು ಹಿತ್ತಲಿಗೆ ಕರೆದೊಯ್ದು ಉಂಡೆಗಳನ್ನು ಒಂದೊಂದಾಗಿ ತೋರಿಸಿ ಕೇಳಿದಳು. ಅವನು ಅವಳ ಮುಖ ನೋಡಿ ನೋಡಿ ಉತ್ತರ ಊಹಿಸುತ್ತಿದ್ದ. ಇವನ ಕಣ್ಣಿಗೆ ಕೆಂಪು, ಹಸಿರು, ಹಳದಿ ಎಲ್ಲ ಒಂದೇ ಥರ ಕಾಣುತ್ತವೆ ಎಂದು ಅವಳಿಗೆ ಹೊಳೆಯಿತು. ಇನ್ನು ಮುಂದೆ ಇವನನ್ನು ನೋಡಿ ಯಾರೂ ನಗಬಾರದು ಎಂದು ಅವತ್ತೇ ತೀರ್ಮಾನಿಸಿದಳು.

ಅಲ್ಲಿಂದ ಅವನಿಗೆ ಬಣ್ಣ ಬೇಕಾದಾಗೆಲ್ಲ ಅಕ್ಕ ಹಾಜರು. ಚಿತ್ರಕ್ಕೆ ಬಣ್ಣದ ಕಡ್ಡಿ ಎತ್ತಿಕೊಡುವವಳು ಅವಳು, ಅಂಗಿ ಆರಿಸುವವಳು ಅವಳು. ಕೆಲವರಿಗೆ ಇತಿಹಾಸದ ಇಸವಿಗಳು ತಲೆಗೆ ಹತ್ತುವುದಿಲ್ಲವಲ್ಲ, ಹಾಗೇ ತನಗೆ ಬಣ್ಣದ ಹೆಸರು ಹತ್ತುವುದಿಲ್ಲ ಎಂದು ಅವನು ಅಂದುಕೊಂಡಿದ್ದ. ಇದೆಲ್ಲ ಹೇಗೋ ನಡೆದುಹೋಗುತ್ತಿತ್ತು, ಶಾಲೆಯಲ್ಲಿ ರಸಾಯನಶಾಸ್ತ್ರ ಶುರುವಾಗದೇ ಇದ್ದಿದ್ದರೆ.

ಶುರುವಾಯಿತು ನೋಡಿ, ಹುಡುಗನಿಗೆ ಹುಚ್ಚೇ ಹಿಡಿಯಿತು! ಮೊದಲ ಪಾಠ ಕೇಳಿದ ದಿನ ಚೀಲವನ್ನು ಬಾಗಿಲಲ್ಲೇ ಎಸೆದು ಅಡುಗೆಮನೆಗೆ ನುಗ್ಗಿದ. ವಿನೆಗರ್ ಸೀಸೆಗೇ ಅಡುಗೆ ಸೋಡಾ ಸುರಿದ. ಬುಸ್ಸೆಂದು ಉಕ್ಕಿ ಒಲೆಯ ಕಟ್ಟೆಯೆಲ್ಲ ನೊರೆ. "ಬಂದ್ರಪ್ಪ ಸೀಸೆ ಸಾಹೇಬ್ರು" ಎಂದು ಅಮ್ಮ ಒರೆಸುವ ಬಟ್ಟೆಯನ್ನು ಅವನ ಮುಖಕ್ಕೇ ಎಸೆದಳು. ಹೆಸರು ಹಾಗೇ ಉಳಿಯಿತು. ಖಾಲಿಯಾದ ಔಷಧಿ ಸೀಸೆ, ಜಾಮಿನ ಸೀಸೆ, ಏನೇ ಇದ್ದರೂ ಸಾಹೇಬರ ಪಾಲು.

ಅಕ್ಕ ಅಂಗಡಿಯಿಂದ ಬಂದು ಕಾಲು ಚಾಚುವಷ್ಟರಲ್ಲಿ ಕೂಗು ಕೇಳುತ್ತಿತ್ತು. "ಅಕ್ಕಾ, ಬೇಗ ಬಾರೇ, ಸೋಪಿನ ನೀರು ಬಿಡ್ತಾ ಇದೀನಿ!" ಅರಿಶಿನ ಬಳಿದ ಕಾಗದದ ಮೇಲೆ ಸೋಪಿನ ನೀರು ಬೀಳುತ್ತಿತ್ತು. ಅವಳು ನೋಡಿ "ಕೆಂಪಾಯ್ತು ಕಣೋ!" ಅನ್ನುತ್ತಿದ್ದಳು. ಅವನು ಕುಣಿದುಬಿಡುತ್ತಿದ್ದ. ಕಂಡವಳು ಅವಳು, ಕುಣಿದವನು ಅವನು. ಯಾಕೆ ಕೆಂಪಾಯಿತು, ಹುಳಿ ಹಿಂಡಿದರೆ ಯಾಕೆ ಮತ್ತೆ ಹಳದಿಯಾಯಿತು ಎಂದು ಅವಳಿಗೆ ಬಿಡಿಸಿ ಹೇಳುತ್ತಿದ್ದ. "ನೋಡೋದು ಚಿಲ್ಲರೆ ಕೆಲಸ, ಅದನ್ನ ನೀನು ಮಾಡು. ಯಾಕೆ ಅಂತ ಯೋಚಿಸೋದು ನಂದು" ಎಂದು ಜಂಬ ಕೊಚ್ಚುತ್ತಿದ್ದ. ದಿನವಿಡೀ ನಿಂತು ನಿಂತು ಊದಿದ ಅವಳ ಕಾಲಿನ ನೋವು ಆ ಹೊತ್ತಿನಲ್ಲಿ ಮರೆತುಹೋಗುತ್ತಿತ್ತು. ನಿಜ ಹೇಳಬೇಕೆಂದರೆ, ಅವಳ ಬಾಳಿನಲ್ಲಿ ಅದಕ್ಕಿಂತ ಸುಖದ ಹೊತ್ತು ಬೇರೆ ಇರಲಿಲ್ಲ.

ಶಾಲೆಯಲ್ಲೂ ಗುಟ್ಟು ಬಯಲಾಗಲಿಲ್ಲ. ಪ್ರಯೋಗಶಾಲೆಯಲ್ಲಿ ಇಬ್ಬಿಬ್ಬರು ಸೇರಿ ಕೆಲಸ ಮಾಡುತ್ತಿದ್ದರು. ಇವನ ಜೊತೆಗಾರ ಬಾಯಿ ಮುಚ್ಚದ ಹುಡುಗ, ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಉದ್ದನೆಯ ಗಾಜಿನ ಕೊಳವೆಯಿಂದ ಆಮ್ಲವನ್ನು ಹನಿ ಹನಿಯಾಗಿ ಕೆಳಗಿನ ಫ್ಲಾಸ್ಕಿಗೆ ಬಿಡಬೇಕು. ಹಳದಿ ದ್ರಾವಣ ಕೆಂಪಗೆ ತಿರುಗಿದ ಕ್ಷಣವೇ ಕೊಳವೆಯ ತುದಿಯ ನಲ್ಲಿ ಮುಚ್ಚಬೇಕು. ರೇಡಿಯೋ ಪಕ್ಕದಲ್ಲಿ "ಬಂತು ಬಂತು, ಮುಚ್ಚೋ!" ಎಂದು ಅರಚುತ್ತಿದ್ದ, ಇವನು ಫ್ಲಾಸ್ಕಿನ ಕಡೆ ನೋಡದೆ ಕೊಳವೆಯ ಅಳತೆಯ ಗೆರೆ ನೋಡುತ್ತಲೇ ಮುಚ್ಚುತ್ತಿದ್ದ. ಲೆಕ್ಕ ಮಾತ್ರ ತರಗತಿಗೆಲ್ಲ ಇವನದೇ ಮೊದಲು. ಕಾಲೇಜಿನಲ್ಲೂ ಇದನ್ನೇ ಓದುತ್ತೇನೆ ಎಂದು ಸೀಸೆ ಸಾಹೇಬರು ಮನೆಯಲ್ಲಿ ಘೋಷಿಸಿಯಾಗಿತ್ತು.

ಕೊನೆಯ ವರ್ಷ ಒಂದು ಸಂಜೆ ಊಟಕ್ಕೆ ಕೂತಾಗ ಅವನು ಹೇಳಿದ. "ಪ್ರಾಕ್ಟಿಕಲ್ ಪರೀಕ್ಷೇಲಿ ಒಬ್ಬೊಬ್ಬರೇ ಮಾಡ್ಬೇಕಂತೆ. ಸದ್ಯ, ಆ ರೇಡಿಯೋ ಕಾಟ ತಪ್ತು."

ಅಕ್ಕನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಯಾಕೇ, ಗರ ಬಡಿದವಳ ಹಾಗೆ ಕೂತೆ?" ಎಂದಳು ಅಮ್ಮ.

"ಏನಿಲ್ಲಮ್ಮ."

ಹೇಳಬೇಕು, ಇವತ್ತು ಹೇಳಬೇಕು ಎಂದುಕೊಂಡೇ ದಿನ ದೂಡಿದಳು. ಬಾಯಿ ತೆರೆದಾಗೆಲ್ಲ ಅವನು ಏನೋ ಹೊಸದು ಕಲಿತು ಅವಳ ಮುಂದೆ ಸುರಿಯುತ್ತಿದ್ದ. ಅಷ್ಟು ಕುಣಿಯುವವನ ಕಾಲಿಗೆ ಹೇಗೆ ಹೊಡೆಯುವುದು? ಕಡೆಗೆ ಅವನಿಗಲ್ಲ, ರಸಾಯನಶಾಸ್ತ್ರದ ಮೇಷ್ಟ್ರಿಗೆ ಹೇಳಿಬಿಡೋಣ ಎಂದು ಯಜಮಾನನ ಹತ್ತಿರ ರಜೆ ಕೇಳಿ ಶಾಲೆಗೆ ಹೋದಳು. ಪ್ರಯೋಗಶಾಲೆಯ ಕಿಟಕಿಯ ಹತ್ತಿರ ಕಾಲು ನಿಂತುಹೋಯಿತು. ಒಳಗೆ ತಮ್ಮ ಕೈಯಲ್ಲಿ ಸೀಮೆಸುಣ್ಣ ಹಿಡಿದು ಉಳಿದ ಹುಡುಗರಿಗೆ ಪಾಠ ಹೇಳಿಕೊಡುತ್ತಿದ್ದ. ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತು ತಲೆದೂಗುತ್ತಿದ್ದರು. ಹುಡುಗನ ಮುಖದಲ್ಲಿ ಅದೆಂಥ ಕಳೆ! ಈಗ ಒಳಗೆ ಹೋಗಿ ಏನಂತ ಹೇಳಲಿ? ಇವನಿಗೆ ಕಣ್ಣು ಸರಿಯಿಲ್ಲ ಅಂತಲೇ? ಎಲ್ಲರೂ ನಕ್ಕರೆ? ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಂದ ದಾರಿಯಲ್ಲೇ ಹಿಂತಿರುಗಿದಳು. ಹೇಗೋ ಆಗುತ್ತೆ ಎಂದು ತನಗೆ ತಾನೇ ಹೇಳಿಕೊಂಡಳು.

ಹೇಗೋ ಆಗಲಿಲ್ಲ. ಪರೀಕ್ಷೆಯ ದಿನ ರೇಡಿಯೋ ಏದುಸಿರು ಬಿಡುತ್ತ ಅಂಗಡಿಗೇ ಓಡಿ ಬಂದ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಸಾಲು ಸಾಲಾಗಿ ನೋಡಿಕೊಂಡು ಬರುತ್ತಿದ್ದರಂತೆ. ತಮ್ಮನ ಕೊಳವೆ ಪೂರ್ತಿ ಖಾಲಿಯಾಗಿತ್ತು. ಕೆಳಗಿನ ಫ್ಲಾಸ್ಕು ಕೆಂಪಗೆ ಹೊಳೆಯುತ್ತಿತ್ತು. ಇವನು ಮತ್ತೆ ಆಮ್ಲ ತುಂಬಿಸುತ್ತಿದ್ದ.

"ಏನಪ್ಪಾ, ಇನ್ನೂ ಬಿಡ್ತಾನೇ ಇದ್ದೀಯ? ಈಗ ಯಾವ ಬಣ್ಣ ಇದೆ ಹೇಳು" ಅಂದರಂತೆ.

"ಇನ್ನೂ ಹಳದೀನೇ ಇದೆ ಸಾರ್" ಅಂದನಂತೆ ಇವನು.

ಇಡೀ ಪ್ರಯೋಗಶಾಲೆ ಘೊಳ್ಳೆಂದು ನಕ್ಕಿತಂತೆ. ತಮಾಷೆ ಮಾಡುತ್ತಿದ್ದಾನೆಂದು ಪರೀಕ್ಷಕರು ಕೆಂಡವಾಗಿ ಹೊರಗೆ ಕಳಿಸಿದರಂತೆ. "ನಾನು ನಗಲಿಲ್ಲ ಅಕ್ಕಾ, ಆಣೆಗೂ ನಗಲಿಲ್ಲ" ಎಂದು ರೇಡಿಯೋ ಅತ್ತುಬಿಟ್ಟ.

ಮರುದಿನ ಅಕ್ಕ ಮೇಷ್ಟ್ರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಪಕ್ಕದಲ್ಲಿ ತಮ್ಮ ತಲೆ ತಗ್ಗಿಸಿ ನಿಂತಿದ್ದ. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆಂದು ಕಾದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮೊದಲೇ ಒಂದು ಮಾತು ಹೇಳಬಾರದಾಗಿತ್ತೇನಮ್ಮ? ಇಂಥವರಿಗೆ ಬಣ್ಣ ಹೇಳೋದಕ್ಕೆ ಪಕ್ಕದಲ್ಲಿ ಒಬ್ಬರನ್ನ ನಿಲ್ಲಿಸ್ತಾರೆ. ಒಂದು ಅರ್ಜಿ ಹಾಕಿದ್ರೆ ಆಗ್ತಿತ್ತು. ನಾನೇ ಹಾಕ್ತಿದ್ದೆ. ಬರೋ ವರ್ಷ ಮತ್ತೆ ಕೂರಲಿ ಬಿಡು."

ತಮ್ಮ ದಾರಿಯುದ್ದಕ್ಕೂ ಅಕ್ಕನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಮನೆ ಬಾಗಿಲಲ್ಲಿ ನಿಂತು ಕೇಳಿದ.

"ಯಾವಾಗಿಂದ ಗೊತ್ತು ನಿಂಗೆ?"

"ನೀನು ಚಿಕ್ಕವನಿದ್ದಾಗಿಂದ."

"ಹಾಗಾದ್ರೆ ಅಡುಗೆಮನೇಲಿ ನಾನು ಕುಣೀತಿದ್ದಾಗೆಲ್ಲ ನೀನು ನನ್ನನ್ನ ನೋಡಿ ಏನಂದ್ಕೋತಿದ್ದೆ?"

"ನಿನ್ನ ಖುಷಿ ನೋಡ್ತಿದ್ದೆ ಕಣೋ."

"ನಂಗೆ ಹೇಳಿದ್ರೆ ನಾನು ಸಾಯ್ತಿರಲಿಲ್ಲ ಅಕ್ಕ. ಕಾಣದೇ ಇದ್ರೂ ಇದನ್ನೇ ಓದ್ತಿದ್ದೆ" ಎಂದು ಒಳಗೆ ಹೋದ.

ಮರುವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ. ಅಮ್ಮ ಗೋಗರೆದಳು, ಮೇಷ್ಟ್ರು ಮನೆಗೇ ಬಂದರು. ಎಲ್ಲರೂ ನಕ್ಕ ಆ ಕೋಣೆಗೆ ಮತ್ತೆ ಕಾಲಿಡಲ್ಲ ಅಂದುಬಿಟ್ಟ. ಸೀಸೆಗಳನ್ನೆಲ್ಲ ತೊಳೆದು ಹಳೇ ಸಾಮಾನಿನವನಿಗೆ ಕೊಟ್ಟು, ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸಕ್ಕೆ ಸೇರಿಕೊಂಡ. ಅಕ್ಕನ ಮೇಲೆ ಸಿಡುಕಲಿಲ್ಲ, ಮಾತು ಬಿಡಲಿಲ್ಲ. ಊಟ ಆಯ್ತಾ ಅನ್ನುತ್ತಾನೆ, ಕಾಲು ನೋವಿಗೆ ಮುಲಾಮು ತಂದುಕೊಡುತ್ತಾನೆ. ಜಗಳವಾಡಿದ್ದರೆ ಕ್ಷಮಿಸು ಅನ್ನಲು ಒಂದು ದಾರಿಯಾದರೂ ಇರುತ್ತಿತ್ತು. ಅವಳು ಒಳಗೊಳಗೇ ಬೆಂದುಹೋದಳು.

ಮೊನ್ನೆ ಇಬ್ಬರೂ ಸಂತೆಗೆ ಹೋಗಿದ್ದರು. ಟೊಮೇಟೊ ರಾಶಿಯ ಮುಂದೆ ಅವನು ಬಗ್ಗಿ ಒಂದನ್ನು ಕೈಗೆತ್ತಿಕೊಂಡ. ಅಕ್ಕ ಅವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಲ್ಲೇ ಇದ್ದಳು, ಹೇಳಲು ಬಾಯಿಯನ್ನೂ ತೆರೆದಿದ್ದಳು. ಅವನು ಅವಳನ್ನು ದಾಟಿ ಆಚೆ ನಿಂತಿದ್ದ ಗುರುತಿಲ್ಲದ ಹೆಂಗಸಿನ ಕಡೆ ಕೈ ಚಾಚಿದ.

"ಅಮ್ಮಾ, ಸ್ವಲ್ಪ ನೋಡಿ ಹೇಳ್ತೀರಾ? ಇದು ಹಣ್ಣಾ, ಕಾಯಾ?"