ತಿಳಿ ನೀರಿಗೆ ಕಿತ್ತಳೆ ಬಣ್ಣ

ಮನೆಗೆ ಯಾರಾದರೂ ಊಟಕ್ಕೆ ಬರುತ್ತಾರೆ ಎಂದರೆ ನನಗೆ ಅಡುಗೆಗಿಂತ ಬಾಲ್ಕನಿಯದ್ದೇ ದೊಡ್ಡ ಚಿಂತೆ. ದುಬೈಯ ಅಲ್ ಮುರಕ್ಕಬಾತ್‌ನ ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಎಲ್ಲಿಯೂ ಹಿಡಿಸದ ಸಾಮಾನೆಲ್ಲ ಕೊನೆಗೆ ಹೋಗಿ ಬೀಳುವುದು ಅಲ್ಲಿಗೆ. ಬಂದವರು ಕೈ ತೊಳೆದು ಗಾಳಿಗೆಂದು ಅತ್ತ ಹೋದರೋ, ನನ್ನ ಮಾನ ಹೋಯಿತು. ಮೊನ್ನೆ ಶುಕ್ರವಾರ ಸದಾನಂದ ಬರುವವನಿದ್ದ. ನನ್ನ ಗಂಡ ಅಬುಧಾಬಿಯಲ್ಲಿದ್ದಾಗ ಅವರ ರೂಮಿನಲ್ಲೇ ಇದ್ದ ಹುಡುಗ. ಈಗ ನೌಕರಿ ಬಿಟ್ಟು ಕಾಪುವಿಗೆ ವಾಪಸು ಹೊರಟಿದ್ದಾನೆ. ಬೆಳಿಗ್ಗೆ ಬೇಗ ಎದ್ದು ಬಾಲ್ಕನಿಗೆ ಇಳಿದೆ. ಹಳೇ ಫ್ಯಾನಿನ ಹಿಂದಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ತುಕ್ಕು ಮತ್ತು ಒಣಗಿದ ಉಪ್ಪುನೀರಿನ ವಾಸನೆ ಮೂಗಿಗೆ ಬಡಿಯಿತು. ಕಸಬರಿಕೆ ಅತ್ತ ಬಿಟ್ಟು ಬಕೆಟು ಕವುಚಿ ಅದರ ಮೇಲೆ ಕೂತುಬಿಟ್ಟೆ.

ಯಾಕೆಂದರೆ ಆ ವಾಸನೆಯಲ್ಲಿ ನನ್ನ ಗಂಡ ಇದ್ದರು. ಒಳಗೆ ಸೋಫಾದ ಮೇಲೆ ಮೊಬೈಲು ನೋಡುತ್ತ ಬಿದ್ದುಕೊಂಡಿದ್ದರಲ್ಲ, ಆ ಗಂಡ ಬೇರೆ. ಇವರು ಇನ್ನೊಬ್ಬರು.

ಡಬ್ಬಿಯಲ್ಲಿ ಇದ್ದದ್ದು ಗಾಳದ ಸಾಮಾನು. ನೀವು ಎರೆಹುಳ ಚುಚ್ಚಿ ಹೊಳೆಗೆ ಹಾಕುವ ಗಾಳ ನೋಡಿರಬಹುದು, ಇದು ಅದಲ್ಲ. ಕೊಕ್ಕೆಯ ಮುಂದೆ ಒಂದು ತಂತಿ, ತಂತಿಗೆ ವೀಳ್ಯದೆಲೆಯ ಆಕಾರದ ಸಣ್ಣ ತಗಡು. ದಾರ ಎಳೆದಾಗ ಆ ತಗಡು ನೀರಿನೊಳಗೆ ಗಿರಗಿರ ತಿರುಗಿ ಮಿನುಗುತ್ತದೆ, ಮೀನು ಅದನ್ನೇ ಮರಿಮೀನು ಎಂದು ನಂಬಿ ಬಾಯಿ ಹಾಕುತ್ತದೆ. ತಗಡಿಗೆ ಬ್ಲೇಡ್ ಎಂದು ಹೆಸರು. ಇವರ ಕಂಪನಿಯಲ್ಲಿ ಇದ್ದ ಕೆನಡಾದ ಎಂಜಿನಿಯರ್ ಒಬ್ಬರು ಊರಿಗೆ ಹೋಗುವಾಗ ಈ ಡಬ್ಬಿಯನ್ನು ಇವರ ಕೈಗಿಟ್ಟರಂತೆ. ಅವರ ಊರಿನ ಸರೋವರಗಳಲ್ಲಿ ಮಸ್ಕಿ ಅಂತ ಒಂದು ಮೀನು ಉಂಟಂತೆ, ಆಳುದ್ದದ್ದು, ಮಹಾ ಜಂಬದ್ದು. ಸಾವಿರ ಸಲ ಗಾಳ ಎಸೆದರೆ ಒಂದು ಸಲ ತಿರುಗಿ ನೋಡಿದರೆ ನೋಡಿತು, ಇಲ್ಲದಿದ್ದರೆ ಇಲ್ಲ. ಅದನ್ನು ಒಲಿಸಲಿಕ್ಕೆ ಬಣ್ಣ ಬಣ್ಣದ ಬ್ಲೇಡುಗಳು. ನೀರು ತಿಳಿಯಾಗಿದ್ದರೆ ಬೆಳ್ಳಿ ಬಣ್ಣ. ಸ್ವಲ್ಪ ಕಲಕಿದ್ದರೆ ತಾಮ್ರ, ಹಿತ್ತಾಳೆ. ಪೂರ್ತಿ ಕೆಸರಾದರೆ ಕಿತ್ತಳೆ ಅಥವಾ ಕಣ್ಣು ಕುಕ್ಕುವ ಹಳದಿ. ಹಿಮ ಬೀಳುವ ದೇಶದ ಈ ಶಾಸ್ತ್ರವನ್ನು ಇವರು ಅಬುಧಾಬಿಯ ಉಪ್ಪುನೀರಿಗೆ ತಂದು ಅಂಟಿಸಿದರು.

ನಮ್ಮ ಆಗಿನ ಸಂಸಾರದ ಬಗ್ಗೆ ಸ್ವಲ್ಪ ಹೇಳದಿದ್ದರೆ ನಿಮಗೆ ಇದೆಲ್ಲ ತಮಾಷೆಯಾಗಿ ಕಾಣಬಹುದು. ಮದುವೆಗೆ ಮೊದಲೇ ನಾನು ದುಬೈಯಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿದ್ದೆ. ಇವರು ಅಬುಧಾಬಿಯಲ್ಲಿ ಏಸಿ ರಿಪೇರಿ ಕಂಪನಿಯ ಸೂಪರ್‌ವೈಸರ್. ಉಡುಪಿಯಲ್ಲಿ ಮದುವೆ, ಇವರ ರಜೆ ಮುಗಿಯಿತು, ನನ್ನದೂ ಮುಗಿಯಿತು, ಒಂದೇ ವಿಮಾನದಲ್ಲಿ ಬಂದಿಳಿದು ಏರ್‌ಪೋರ್ಟಿನ ಬಾಗಿಲಲ್ಲಿ ಬೇರೆ ಬೇರೆ ಟ್ಯಾಕ್ಸಿ ಹತ್ತಿದೆವು. ಇವರದ್ದು ಮುಸಫ್ಫಾದಲ್ಲಿ ಕಂಪನಿಯ ಕ್ಯಾಂಪು, ರೂಮಿನ ತುಂಬ ಗಂಡಸರು. ನನ್ನದು ಇದೇ ಮುರಕ್ಕಬಾತ್‌ನಲ್ಲಿ ಹೆಂಗಸರ ಫ್ಲ್ಯಾಟಿನ ಒಂದು ಬೆಡ್‌ಸ್ಪೇಸು, ಅಂದರೆ ಮಂಚದಷ್ಟೇ ಅಗಲದ ಬಾಡಿಗೆ ಜಾಗ. ಗಂಡಸರು ಹೊಸ್ತಿಲು ದಾಟುವ ಹಾಗಿಲ್ಲ, ಕಟ್ಟಿಕೊಂಡ ಗಂಡನಾದರೂ ಮಾಫಿ, ಇಲ್ಲವೆಂದರೆ ಇಲ್ಲ. ಕೈಹಿಡಿದ ಗಂಡನ ಹತ್ತಿರ ಕೂತು ನಾಲ್ಕು ಮಾತಾಡಲಿಕ್ಕೆ ಈ ದೇಶದಲ್ಲಿ ನಮಗೆ ಒಂದು ಗೋಡೆಯೂ ಇರಲಿಲ್ಲ. ಮಾಲಿನಲ್ಲಿ ಎಷ್ಟು ಹೊತ್ತು ಸುತ್ತುತ್ತೀರಿ? ಕಾಲು ನೋಯುತ್ತದೆ. ಹೋಟೆಲಿನಲ್ಲಿ ಎರಡು ಚಾದ ಮೇಲೆ ಕೂತರೆ ವೇಟರು ಬಂದು ಮೇಜು ಒರೆಸುತ್ತಾನೆ. ಗಾಳ ಹಾಕಿ ಕೂತವರನ್ನು ಮಾತ್ರ ಯಾರೂ ಏಳಿ ಎನ್ನುವುದಿಲ್ಲ.

ಹಾಗೆ ಅಬುಧಾಬಿಯ ಅಲ್ ಮೀನಾದ ಮೀನು ಮಾರ್ಕೆಟ್ಟಿನ ಆಚೆ, ಅಲೆ ತಡೆಯಲು ಪೇರಿಸಿದ ಕಲ್ಲುಗಳ ಮೇಲೆ ನಮ್ಮ ಸಂಸಾರ ಶುರುವಾಯಿತು. ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ದುಬೈಯಿಂದ ಹೊರಡುತ್ತಿದ್ದೆ. ಇವರು ಗಾಳ ಕಟ್ಟುವ ರಾಡು, ಈ ಡಬ್ಬಿ, ಗಾಳದ ಲೈಸೆನ್ಸು, ನನಗೊಂದು ಕೊಡೆ, ಇಷ್ಟು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು.

ಮೊದಲ ಶುಕ್ರವಾರ ಇವರ ಉತ್ಸಾಹ ಏನು ಕೇಳುತ್ತೀರಿ! ನೀರು ತಿಳಿಯಾಗಿತ್ತು, ಕಲ್ಲಿನ ಬುಡದ ಏಡಿ ಕೂಡ ಕಾಣುತ್ತಿತ್ತು. "ನೋಡು, ಇಂಥ ನೀರಿಗೆ ಬೆಳ್ಳಿ. ಬೇರೆ ಹಾಕಿದ್ರೆ ಮೀನು ಹತ್ತಿರವೂ ಬರುದಿಲ್ಲ" ಎಂದು ಪಾಠ ಹೇಳಿ ಬೆಳ್ಳಿಯ ಬ್ಲೇಡು ಕಟ್ಟಿ ಎಸೆದರು. ಪಾಠ ಸರಿಯೇ ಇತ್ತು. ಬಿಸಿಲೇರುವುದರೊಳಗೆ ಎರಡು ದೊಡ್ಡ ಮೀನು ಕಲ್ಲಿನ ಮೇಲೆ ಬಾಲ ಬಡಿಯುತ್ತಿದ್ದವು. ನಮ್ಮೂರಿನ ಅಂಜಲ್ ಮೀನಿನ ದಾಯಾದಿಗಳ ಹಾಗಿದ್ದವು, ಹೆಸರು ಇಬ್ಬರಿಗೂ ಗೊತ್ತಿರಲಿಲ್ಲ. ನಾನೋ ಮಹಾ ಜಾಣೆ. ಈ ಸೆಕೆಗೆ ಮೀನು ಹಾಳಾಗುತ್ತದೆ, ಫ್ಲ್ಯಾಟಿನ ಹೆಂಗಸರು ಮಸಾಲೆ ಕಡೆದು ಕಾಯುತ್ತಿರುತ್ತಾರೆ ಎಂದು ಮಾರ್ಕೆಟ್ಟಿನಿಂದ ಐಸು ತಂದು ಚೀಲಕ್ಕೆ ಸುರಿದೆ. "ಸರಿ, ನಾನಿನ್ನು ಹೊರಡ್ತೇನೆ" ಎಂದು ಮಧ್ಯಾಹ್ನದ ಮೊದಲೇ ಬಸ್ಸು ಹತ್ತಿದೆ. ಇವರು ಕಿಟಕಿಯ ಕೆಳಗೆ ನಿಂತು "ಆಯ್ತು, ಆಯ್ತು" ಎಂದು ತಲೆಯಾಡಿಸಿದರು. ರಾತ್ರಿ ಫ್ಲ್ಯಾಟಿನಲ್ಲಿ ಎಲ್ಲರೂ ಬೆರಳು ಚೀಪಿದರು, ಇಂಥ ಗಂಡ ಸಿಗಲಿಕ್ಕೆ ಪುಣ್ಯ ಮಾಡಿರಬೇಕು ಎಂದರು. ನಾನೂ ಉಬ್ಬಿದೆ.

ಆಮೇಲೆ ಏನಾಯಿತೋ, ನಮ್ಮ ಗಾಳಕ್ಕೆ ಶನಿ ಹಿಡಿಯಿತು. ಎಷ್ಟೋ ಶುಕ್ರವಾರಗಳು ಹೋದವು, ಒಂದು ಬಾಲವೂ ಇಲ್ಲ. ಆಗುವುದಾದರೂ ಹೇಗೆ? ನೀರು ತಿಳಿಯಾಗಿದ್ದ ದಿನ ಇವರು ಹುಡುಕಿ ಹುಡುಕಿ ಕಿತ್ತಳೆ ಬಣ್ಣದ್ದನ್ನು ಕಟ್ಟುವರು. ಗಾಳಿ ಎದ್ದು ನೀರು ಹಾಲು ಹಾಕಿದ ಚಾದ ಹಾಗೆ ಕಲಕಿದ ದಿನ ಬೆಳ್ಳಿ ತೆಗೆಯುವರು. ನನಗೆ ಪಾಠ ಬಾಯಿಪಾಠ ಆಗಿತ್ತಲ್ಲ, ಬಿಡುತ್ತೇನಾ?

"ಎಂತ ಮಾರಾಯ್ರೆ, ತಿಳಿ ನೀರಿಗೆ ಕಿತ್ತಳೆಯಾ?"

"ಇದು ತಿಳಿ ಅಂತ ಯಾರು ಹೇಳಿದ್ದು? ಸರಿ ನೋಡು, ಗಂಜಿ ತಿಳಿಯ ಹಾಗೆ ಉಂಟು."

"ಗಂಜಿ ತಿಳಿ ಎಲ್ಲಿಂದ? ಬೊಂಡದ ನೀರಿನ ಹಾಗೆ ಉಂಟು."

"ಮೇಲಿನಿಂದ ಹಾಗೆ ಕಾಣುದು. ಅಡಿಯಲ್ಲಿ ಬೇರೆ."

ಅಡಿಯಲ್ಲಿ ಹೋಗಿ ನೋಡಿ ಬಂದವರ ಹಾಗೆ ಮಾತು! ನಾನು ಕೊಡೆಯಿಂದ ಬಗ್ಗಿ ನೀರು ತೋರಿಸುವುದು, ಅವರು ಸೂರ್ಯನ ಓರೆ ಬೆಳಕು ತೋರಿಸುವುದು, ಡಬ್ಬಿಯಲ್ಲಿದ್ದ ಬ್ಲೇಡುಗಳನ್ನೆಲ್ಲ ಕಲ್ಲಿನ ಮೇಲೆ ಹರಡಿ ಒಂದೊಂದನ್ನೇ ಅಂಗೈಯಲ್ಲಿಟ್ಟು ತೂಗುವುದು. ಬಣ್ಣ ಆರಿಸುವುದಕ್ಕೇ ಅರ್ಧ ಬೆಳಿಗ್ಗೆ. ಆರಿಸಿದ್ದು ಮತ್ತೆ ತಪ್ಪು. "ನೀವು ಆ ಮಸ್ಕಿ ಹಿಡಿಯುವವರ ಜಾತಿ. ಸಿಗದಿದ್ದರೇ ನಿಮಗೆ ಸಮಾಧಾನ" ಎಂದು ನಾನು ಹಂಗಿಸುವುದು. ಅವರು ನಕ್ಕು ಮತ್ತೆ ಎಸೆಯುವುದು.

ಮೀನಿಲ್ಲದೆ ಹೋಗುವುದು ಹೇಗೆ? ಸಿಗಲಿ ಎಂದು ಕೂತು ಕೂತು ಸಂಜೆಯಾಗುತ್ತಿತ್ತು. ಕೂತಷ್ಟು ಹೊತ್ತೂ ಮಾತು. ಈ ದೇಶದಲ್ಲಿ ಗಂಡಹೆಂಡತಿ ಹೊರಗೆ ಅಂಟಿಕೊಂಡು ಕೂರುವ ಹಾಗಿಲ್ಲ. ನಡುವೆ ಬ್ಯಾಗು ಇಟ್ಟುಕೊಂಡು ಕೂರುತ್ತಿದ್ದೆವು, ಒಂದೇ ರಾಡನ್ನು ಕೈ ಬದಲಾಯಿಸಿ ಹಿಡಿಯುತ್ತಿದ್ದೆವು. ಅವರಿಗೆ ಚಿಕ್ಕಂದಿನಲ್ಲಿ ಬಾವಿ ಕಂಡರೆ ಹೆದರಿಕೆ ಇತ್ತಂತೆ. ಅವರ ದೊಡ್ಡಕ್ಕ ಮಾತು ಬಿಟ್ಟ ಕಥೆ, ನನ್ನ ಮುರಿದುಹೋದ ಮೊದಲ ಸಂಬಂಧದ ಕಥೆ, ಒಂದು ಮನೆ ಆದರೆ ಅಡುಗೆಮನೆಗೆ ಎಂಥ ಕಿಟಕಿ ಬೇಕೆಂಬ ಜಗಳ, ಎಲ್ಲ ಆ ಕಲ್ಲಿನ ಮೇಲೆಯೇ. ಉಡುಪಿಯ ಮಂಟಪದಲ್ಲಿ ನನಗೆ ತಾಳಿ ಕಟ್ಟಿದವರು ಯಾರೋ ಒಬ್ಬರು ಒಳ್ಳೆಯ ಮನುಷ್ಯ. ನಾನು ಮನಸ್ಸು ಕೊಟ್ಟದ್ದು ಅಲ್ ಮೀನಾದಲ್ಲಿ, ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿದ್ದ ಆ ಮೀನು ಹಿಡಿಯಲು ಬಾರದ ಮನುಷ್ಯನಿಗೆ.

ಕೊನೆಗೆ ಇವರಿಗೆ ದುಬೈಯಲ್ಲೇ ಕೆಲಸವಾಯಿತು. ಈ ಫ್ಲ್ಯಾಟು ಸಿಕ್ಕಿತು, ಕೇಳಿದಂಥ ಕಿಟಕಿಯೇ. ಹಾಲು ಉಕ್ಕಿಸಿದ ದಿನ ನಾನು ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದ್ದೆ.

ಆ ಗೋಡೆಗಳ ಒಳಗೆ ಬಂದ ಮೇಲೆ ಮಾತು ಯಾವ ದಾರಿಯಿಂದ ಹೊರಗೆ ಹೋಯಿತು ಎಂದು ನನಗೆ ಗೊತ್ತಾಗಲೇ ಇಲ್ಲ. ಜಗಳವೇನೂ ಇಲ್ಲ. ಗ್ಯಾಸು ಮುಗಿಯಿತು, ಮೊಸರು ತನ್ನಿ, ಏಸಿ ಕಮ್ಮಿ ಮಾಡಿ, ಇಷ್ಟೇ. ಶುಕ್ರವಾರ ಇವರು ಎದ್ದು ನೇರ ಸೋಫಾಕ್ಕೆ ಬರುತ್ತಾರೆ. ಎದುರಿಗೇ ಇರುವ ಗಂಡನನ್ನು ನೆನೆದು ಕಣ್ಣು ತುಂಬಿಕೊಳ್ಳುವುದು ಎಂದರೆ ನಗೆಪಾಟಲೇ ಸರಿ. ಯಾರಿಗೆ ಹೇಳುವುದು? ಹೊಡೆಯುತ್ತಾರಾ, ಇಲ್ಲ. ಕುಡಿಯುತ್ತಾರಾ, ಇಲ್ಲ. ಮತ್ತೇನು ನಿನಗೆ ರೋಗ ಎಂದು ಕೇಳುತ್ತಾರೆ. ಆದರೆ ಒಂದು ಹೆದರಿಕೆ ಒಳಗೊಳಗೇ ಕೊರೆಯುತ್ತಿತ್ತು. ಆಗ ಜಾಗ ಇರಲಿಲ್ಲ, ಅದಕ್ಕೇ ಅಷ್ಟೊಂದು ಪ್ರೀತಿ ಇತ್ತು. ಜಾಗ ಸಿಕ್ಕಿತು, ಅದು ಖಲಾಸ್. ಹಾಗಿರಬಹುದಾ? ಬಕೆಟಿನ ಮೇಲೆ ಕೂತು ಮೊನ್ನೆ ಬೆಳಿಗ್ಗೆ ನಾನು ಕೇಳಿಕೊಂಡದ್ದು ಇದನ್ನೇ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಡಬ್ಬಿ ಮುಚ್ಚಿಟ್ಟು ಎದ್ದೆ.

ಸದಾನಂದ ಬಂದ. ಅವನಿಗೂ ಇವರಿಗೂ ಬಡಿಸಿದೆ. ಬಡಿಸುವವಳು ನಾನೊಬ್ಬಳೇ ಆದ್ದರಿಂದ ನನ್ನ ಊಟ ಆಮೇಲೆ. ತಟ್ಟೆಗೆ ಅಂಜಲ್ ಫ್ರೈ ಹಾಕುವಾಗ ಅವನು ಕೇಳಿದ, "ಅಕ್ಕ, ಇದು ಅಂಗಡಿಯದ್ದಾ? ಅಣ್ಣ ಇರುವ ಮನೆಯಲ್ಲಿ ಅಂಗಡಿಯ ಮೀನಾ?"

ನಾನು ಜೋರಾಗಿ ನಕ್ಕೆ. "ನಿನ್ನ ಅಣ್ಣನನ್ನು ನಂಬಿದ್ರೆ ನಮಗೆ ಗಂಜಿಗೆ ಉಪ್ಪಿನಕಾಯಿಯೇ ಗತಿ. ವರ್ಷಗಟ್ಟಲೆ ಗಾಳ ಹಾಕಿದ್ರು, ಮೊದಲ ದಿನ ಬಿಟ್ರೆ ಒಂದು ಮೀನು ಹಿಡೀಲಿಲ್ಲ."

ಸದಾನಂದನ ಕೈ ತುತ್ತಿನಲ್ಲೇ ನಿಂತಿತು. "ಎಂತ ಹೇಳ್ತೀರಿ ಅಕ್ಕ! ಕೆಲಸ ಮುಗಿದ ಮೇಲೆ ಸಂಜೆ ಇವರು ಒಂದು ಗಳಿಗೆ ಹೋದ್ರೆ ಇಡೀ ರೂಮಿಗೆ ಎರಡು ದಿವಸ ಪದಾರ್ಥದ ಚಿಂತೆ ಇರ್ಲಿಲ್ಲ. ನೀರು ನೋಡಿದ ಕೂಡ್ಲೆ ಬಣ್ಣ ಹೇಳ್ತಿದ್ರು, ಒಂದು ಸಲ ತಪ್ಪಲಿಲ್ಲ. ಶುಕ್ರವಾರ ಮಾತ್ರ ಯಾವಾಗ್ಲೂ ಖಾಲಿ ಕೈಯಲ್ಲಿ ಬರ್ತಿದ್ರು. ನಾವು ತಮಾಷೆ ಮಾಡ್ತಿದ್ದೆವು."

ಇವರು ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಇಷ್ಟು ಶ್ರದ್ಧೆಯಿಂದ ಇವರು ಮುಳ್ಳು ಬಿಡಿಸಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಕಿವಿಯ ತುದಿ ಕೆಂಪಾಗಿತ್ತು.

ಸದಾನಂದ ಪಾಯಸ ತಿಂದು, ಊರಿಗೆ ಬಂದಾಗ ಬನ್ನಿ ಎಂದು ಹೇಳಿ ಹೊರಟುಹೋದ. ನಾನು ಬಾಗಿಲು ಹಾಕಿ ಬಂದು ತಟ್ಟೆಗೆ ಬಡಿಸಿಕೊಂಡು ಕೂತೆ. ಇವರು ಸೋಫಾಕ್ಕೆ ಹೋಗದೆ ಎದುರಿನ ಕುರ್ಚಿಯಲ್ಲೇ ಉಳಿದಿದ್ದರು.

"ಬೇಕಂತಲೇ ತಪ್ಪು ಬಣ್ಣ ಹಾಕ್ತಿದ್ದಿರಾ?" ಎಂದೆ.

ಇವರು ನೀರಿನ ಲೋಟವನ್ನು ಸುಮ್ಮನೆ ತಿರುಗಿಸಿದರು. "ಮೊದಲ ದಿನ ಮೀನು ಸಿಕ್ಕಿದ ಕೂಡ್ಲೆ ನೀನು ಐಸು ತಂದೆ. ಬಸ್ಸು ಹತ್ತಿ ಹೋದೆ. ನಾನು ಆ ಕಲ್ಲಿನ ಮೇಲೆ ಒಬ್ಬನೇ ಸಂಜೆವರೆಗೆ ಕೂತಿದ್ದೆ ಮಾರಾಯ್ತಿ."

"ಕೂತುಕೋ ಅಂದಿದ್ರೆ ಕೂತುಕೊಳ್ತಿದ್ದೆನಲ್ಲ?"

"ಮದುವೆಯಾಗಿ ಎರಡು ತಿಂಗಳು ಆಗಿರಲಿಲ್ಲ. ಕೇಳಲಿಕ್ಕೆ ನಾಚಿಕೆ ಆಯ್ತು."

ಅಯ್ಯೋ ದೇವರೇ! ಎಷ್ಟು ಹಂಗಿಸಿದ್ದೆ ಈ ಮನುಷ್ಯನನ್ನು. ಎಷ್ಟು ಶುಕ್ರವಾರ ನಕ್ಕು ನಕ್ಕು ಸುಮ್ಮನಿದ್ದರು. ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟೆ. ಆದರೂ ಕೇಳದೆ ಬಿಡಲು ಮನಸ್ಸಾಗಲಿಲ್ಲ. "ಅಷ್ಟೆಲ್ಲ ಮಾಡಿ ಕೂರಿಸಿಕೊಂಡವರಿಗೆ ಈಗ ಮಾತೇ ಇಲ್ಲವಲ್ಲ, ಅದೆಂತಕ್ಕೆ?"

ಇವರಿಗೆ ನಿಜವಾಗಿ ಆಶ್ಚರ್ಯ ಆಯಿತು. ಲೋಟ ಕೆಳಗಿಟ್ಟರು.

"ಈಗ ನೀನು ಎಲ್ಲಿಗೂ ಹೋಗುದಿಲ್ಲ ಅಲ್ವಾ?" ಎಂದರು.

ಅಷ್ಟು ವರ್ಷಗಳ ಮೌನಕ್ಕೆ ಇಷ್ಟೇ ಕಾರಣ. ಬಸ್ಸಿನ ಹೊತ್ತಾಗುವುದಿಲ್ಲ, ನಾಳೆಯೂ ಇರುತ್ತಾಳೆ, ನಾಡಿದ್ದೂ ಇರುತ್ತಾಳೆ ಎಂದು ಈ ಪುಣ್ಯಾತ್ಮ ಆರಾಮವಾಗಿ ಸೋಫಾದಲ್ಲಿ ಕೂತಿದ್ದರು. ನಾನು ಬಾಲ್ಕನಿಯಲ್ಲಿ ಕೂತು ಇವರನ್ನು ಕಳೆದುಕೊಂಡೆ ಎಂದು ಅಳುತ್ತಿದ್ದೆ. ನಗು ಬರಬೇಕೋ ಸಿಟ್ಟು ಬರಬೇಕೋ ತಿಳಿಯಲಿಲ್ಲ. ಸಿಟ್ಟೇ ಮೊದಲು ಬಂತು.

"ಹೋಗುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?"

ಇವರು ಗಕ್ಕನೆ ತಲೆಯೆತ್ತಿದರು. ಮೇಜಿನ ಮೇಲೆ ಮೊಬೈಲು ಗುಂಯ್ ಎಂದಿತು, ಅದನ್ನು ಅತ್ತ ತಳ್ಳಿದರು. ನನ್ನ ತಟ್ಟೆಯಲ್ಲಿ ಅನ್ನ ತಣ್ಣಗಾಗಿತ್ತು.

"ಸ್ವಲ್ಪ ಹೊತ್ತು ಕೂತುಕೋ" ಎಂದರು, ಕಷ್ಟಪಟ್ಟು, ಮೊದಲ ಸಲ ಕೇಳುವವರ ಹಾಗೆ.

ನಾನು ಕೂತೇ ಇದ್ದೆ. ಆದರೂ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡೆ.